ಉದುರಿದ ಹಣ್ಣಿನ ರಸ

ನನಗೆ ಸಕ್ಕರೆ ಕಾಯಿಲೆ ಬಂದ ಹೊಸದರಲ್ಲಿ ಕಾಯಿಲೆಗಿಂತ ಹೆಚ್ಚು ಹಿಂಸೆ ಕೊಟ್ಟದ್ದು ಒಂದು ಬಾಟಲಿ. ತಲೆಗೆ ಹಚ್ಚುವ ಎಣ್ಣೆಯ ಹಳೆಯ ಬಾಟಲಿಯನ್ನು ಸೀಗೆಪುಡಿ ಹಾಕಿ ತೊಳೆದು, ಬೆಳಗಿನ ಮೂತ್ರವನ್ನು ಅದರಲ್ಲಿ ಹಿಡಿದು, ಬಿರಡೆ ಒತ್ತಿ, ಬಟ್ಟೆಯಲ್ಲಿ ಸುತ್ತಿ, ಚೀಲದ ತಳದಲ್ಲಿಟ್ಟುಕೊಂಡು ಯಲಹಂಕದ ಡಾಕ್ಟರ ಹತ್ತಿರ ಬಸ್ಸಿನಲ್ಲಿ ಹೋಗಬೇಕಿತ್ತು. ನಮ್ಮೂರು ಯಲಹಂಕಕ್ಕೂ ಬಾಗಲೂರಿಗೂ ನಡುವೆ. ಆ ಬಸ್ಸಿನಲ್ಲಿ ಗುರುತಿಲ್ಲದವರು ಒಬ್ಬರೂ ಇರುತ್ತಿರಲಿಲ್ಲ. ಒಮ್ಮೆ ಪಕ್ಕದಲ್ಲಿ ಕೂತ ನಮ್ಮೂರಿನ ಹೆಂಗಸು ಚೀಲ ತಡವಿ ನೋಡಿ, "ಏನಮ್ಮ ಜಯ, ಅರಳೆಣ್ಣೆನಾ? ನಂಗೂ ಒಂಚೂರು ಕೊಡು, ಮಂಡಿನೋವು" ಎಂದಳು.

"ಇಲ್ಲ ಕಣಕ್ಕ, ಡಾಕ್ಟ್ರ ಔಷ್ದಿ. ವಾಪಸ್ ಕೊಡಕ್ಕೆ ತಗೊಂಡೋಯ್ತಾ ಇದೀನಿ" ಎಂದು ಬಾಯಿಗೆ ಬಂದದ್ದು ಹೇಳಿದೆ. ಯಲಹಂಕ ಬರುವವರೆಗೂ ಚೀಲವನ್ನು ಎದೆಗೊತ್ತಿಕೊಂಡೇ ಕೂತಿದ್ದೆ. ಬಸ್ಸು ಕುಲುಕಿದಾಗಲೆಲ್ಲ ಬಿರಡೆ ಕಿತ್ತು ಬಂದರೆ ಏನು ಗತಿ ಎಂದು ಜೀವ ಬಾಯಿಗೆ ಬರುತ್ತಿತ್ತು.

ಈಗ ನೆನೆದರೆ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ. ನಮ್ಮ ಕಡೆ ಈ ಕಾಯಿಲೆ ಬಂದವರು, ಅದರಲ್ಲೂ ಹೆಂಗಸರು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿಕೊಂಡು ಓಡಾಡುವುದನ್ನು ಈಗಲೂ ನೋಡುತ್ತೇನೆ. ನಾನೂ ಹಾಗೆ ಓಡಾಡಿದವಳೇ. ನಮ್ಮ ಮನೆಯಲ್ಲಂತೂ ನನಗೆ ಬೆಲ್ಲದ ಕಳ್ಳಿ ಎಂಬ ಹೆಸರೇ ಬಂದಿತ್ತು. ಆ ಹೆಸರು ಹೇಗೆ ಬಂತು, ಹೇಗೆ ಹೋಯಿತು ಎಂದು ಹೇಳಿದರೆ ಯಾರಿಗಾದರೂ ಒಬ್ಬರಿಗೆ ಸ್ವಲ್ಪ ಸಮಾಧಾನವಾದೀತು ಎಂದು ಬರೆಯುತ್ತಿದ್ದೇನೆ.

ನಯಾಪೈಸೆ ಬಂದು ಕೆಲವು ವರ್ಷವಾಗಿತ್ತು. ನನಗೆ ಮೂವತ್ತು ದಾಟಿತ್ತು. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ, ಎರಡು ಮಕ್ಕಳು. ನಮ್ಮದು ದ್ರಾಕ್ಷಿ ತೋಟ. ಆಗ ಯಲಹಂಕದ ಸುತ್ತಮುತ್ತ ನೀರಿರುವವರೆಲ್ಲ ದ್ರಾಕ್ಷಿ ಹಾಕುತ್ತಿದ್ದರು, ಕಪ್ಪಗೆ, ದಪ್ಪ ಸಿಪ್ಪೆಯ, ಹುಳಿ ಮುಂದಾದ ಹಣ್ಣು. ಮನೆ ಮುಂದಿನ ಚಪ್ಪರಕ್ಕೂ ಒಂದು ಬಳ್ಳಿ ಹಬ್ಬಿಸಿದ್ದೆವು. ಅದನ್ನು ನಮ್ಮ ಮಾವ ನೆಟ್ಟದ್ದು. ಮಾವ ನಾನು ಮದುವೆಯಾಗಿ ಬಂದ ಕೆಲವು ವರ್ಷಕ್ಕೆ ತೀರಿಕೊಂಡಿದ್ದರು. ಚಪ್ಪರದ ತಂತಿ ಚುಚ್ಚಿ ಕಾಲಿಗೆ ಆದ ಹುಣ್ಣು ಮಾಯಲೇ ಇಲ್ಲ. ಅದಕ್ಕೆ ಏನು ಹೆಸರೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ನನಗೆ ಮೊದಲು ಬಂದದ್ದು ದಾಹ. ಎಂಥ ದಾಹ ಅಂತೀರಿ! ತೋಟದಿಂದ ಬಂದವಳು ಕಾಲು ತೊಳೆಯುವುದಕ್ಕೆ ಮುಂಚೆ ಮಡಕೆಗೆ ಕೈ ಹಾಕುತ್ತಿದ್ದೆ. ಯಲಹಂಕಕ್ಕೆ ಹೋದರೆ ಯಜಮಾನರನ್ನು ಕಾಡಿ ಬೇಡಿ ಕಲರ್ ಸೋಡಾ ಕೊಡಿಸಿಕೊಂಡು ಕುಡಿಯುತ್ತಿದ್ದೆ, ಕುಡಿದು ಮುಗಿಸುವಷ್ಟರಲ್ಲಿ ಇನ್ನೊಂದು ಬೇಕೆನಿಸುತ್ತಿತ್ತು. ಮೈ ಇಳಿಯಿತು. ರವಿಕೆಗಳು ಜೋಲಾದವು. ಒಂದು ಬೆಳಿಗ್ಗೆ ಅತ್ತೆ ಬಚ್ಚಲ ಹಿಂದಿನಿಂದ ಬಂದು ನನ್ನ ಮುಖವನ್ನೇ ನೋಡುತ್ತಾ ನಿಂತರು.

"ನೀನು ಕೂತೆದ್ದ ಕಡೆ ಇರುವೆ ಮುತ್ತವೆ ಕಣೆ" ಎಂದರು. "ನಿಮ್ ಮಾವಂಗೂ ಇಂಗೇ ಮುತ್ಕೊಳ್ತಿದ್ವು."

ನಾನು ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಅತ್ತೆ ಹೇಳಿದ ಎರಡನೆಯ ಮಾತು ಆಗ ನನ್ನ ತಲೆಗೆ ಹೋಗಲೇ ಇಲ್ಲ. ಕೊಡದಲ್ಲಿ ನೀರು ತೆಗೆದುಕೊಂಡು ಹೋಗಿ ಆ ಜಾಗಕ್ಕೆ ಸುರಿದದ್ದು ಮಾತ್ರ ಗೊತ್ತು.

ಡಾಕ್ಟರು ಒಳ್ಳೆಯವರು, ಆದರೆ ಗಂಟಲು ದೊಡ್ಡದು. ಅವರ ಷಾಪಿನಲ್ಲಿ ರೋಗಿಗಳು ಕೂರುವ ಬೆಂಚಿಗೂ ಅವರ ಮೇಜಿಗೂ ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಪರದೆ. ಮೇಜಿನ ಪಕ್ಕ ಕಾಂಪೌಂಡರು ಗಾಜಿನ ಕೊಳವೆಗೆ ನೀಲಿ ಔಷಧಿ ಹಾಕಿ, ಅದಕ್ಕೆ ನಾವು ತಂದದ್ದರಲ್ಲಿ ಕೆಲವು ತೊಟ್ಟು ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಿ, ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತಿದ್ದ. ನೀಲಿಯೇ ಉಳಿದರೆ ಒಳ್ಳೆಯದು. ಹಸಿರಾದರೆ ಪರವಾಗಿಲ್ಲ. ಹಳದಿಗೆ ತಿರುಗಿದರೆ ಕಷ್ಟ. ನನ್ನದು ಇಟ್ಟಿಗೆ ಕೆಂಪಾಯಿತು. ಬೆಂಚಿನವರೆಲ್ಲ ಆ ಬಣ್ಣಗಳನ್ನು ಓದಲು ಕಲಿತುಬಿಟ್ಟಿದ್ದರು. ಹೆಬ್ಬಾಳದಿಂದ ಬರುತ್ತಿದ್ದ ಒಬ್ಬ ಅಜ್ಜಿ ನನ್ನ ಮೊದಲ ದಿನವೇ, "ಅಯ್ಯೋ, ಇಟ್ಟಿಗೆ ಗೂಡೇ ಇಟ್ಕೊಂಡಿದೀಯಲ್ಲಮ್ಮ ಹೊಟ್ಟೇಲಿ" ಎಂದು ನಕ್ಕರು. ಆಮೇಲೆ ಅವರೇ ಸರಿದು, ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮದೂ ಮೊದಲು ಹೀಗೇ ಇತ್ತೆಂದು ಹೇಳಿ ನನ್ನ ಮೊಣಕೈ ಹಿಡಿದುಕೊಂಡಿದ್ದರು. ಆ ಕೈಯ ಬಿಸಿ ಇವತ್ತಿಗೂ ಮರೆತಿಲ್ಲ.

"ಸಕ್ಕರೆ, ಬೆಲ್ಲ, ಸಿಹಿ ತಿಂಡಿ, ಯಾವುದನ್ನೂ ಮುಟ್ಬೇಡಿ" ಎಂದರು ಡಾಕ್ಟರು. ಅನ್ನ, ಮುದ್ದೆಗೂ ಕಡಿವಾಣ ಹಾಕಿದರು. ಮಾತ್ರೆ ಬರೆದುಕೊಟ್ಟರು. ಅವರು ಹೇಳಿದ್ದನ್ನು ನಾನು ಚಾಚೂ ತಪ್ಪದೆ ಮಾಡಿದೆ. ಬೆಲ್ಲವಿಲ್ಲದ ಕಾಫಿ ಕುಡಿದೆ. ಯುಗಾದಿಯ ದಿನ ಒಬ್ಬಟ್ಟು ಬೇಯಿಸಿ ಎಲ್ಲರಿಗೂ ಬಡಿಸಿ, ನಾನು ಸಾರು ಕಲಸಿಕೊಂಡು ತಿಂದು ಎದ್ದೆ.

ಇದನ್ನು ನೋಡಿ ಅತ್ತೆಗೆ ಕರುಳು ಚುರುಕ್ ಎಂದಿತು. ಅವರು ಮಾತಿನಲ್ಲಿ ಬಿರುಸು, ಕೈಯಲ್ಲಿ ಧಾರಾಳ. "ಬಾಯಿಗೆ ಏನೂ ಇಲ್ದೆ ಒಣಗೋಯ್ತೀಯ" ಎಂದು ಒಂದು ಮಧ್ಯಾಹ್ನ ಹಿತ್ತಾಳೆ ಚೊಂಬಿನಲ್ಲಿ ದ್ರಾಕ್ಷಿ ರಸ ತಂದುಕೊಟ್ಟರು. ಗೊಂಚಲುಗಳನ್ನು ಮಂಕರಿಗೆ ತುಂಬುವಾಗ ಬಿಡಿ ಹಣ್ಣು ಉದುರುತ್ತವೆ. ಅವನ್ನು ಮಾರ್ಕೆಟ್ಟಿಗೆ ಕಳಿಸುವಂತಿಲ್ಲ, ಮನೆಗೇ. ಅತ್ತೆ ಅವನ್ನು ಆರಿಸಿ, ತೊಳೆದು, ಕೈಯಲ್ಲಿ ಕಿವುಚಿ, ಮಾವನ ಹಳೆಯ ಪಂಚೆಯ ತುಂಡಿನಲ್ಲಿ ಸೋಸುತ್ತಿದ್ದರು. "ಒಂದು ಕಾಳು ಸಕ್ರೆ ಆಕಿಲ್ಲ, ಕುಡಿ" ಎಂದರು. "ಅಣ್ಣಿನ ರಸ ಕಾಯ್ಲೆಯೋರ್ಗೆ ಒಳ್ಳೇದು."

ಅದು ನಿಜಕ್ಕೂ ಹುಳಿ ಇತ್ತು, ಕುಡಿದರೆ ಹಲ್ಲು ಚುಳ್ಳೆನ್ನುತ್ತಿತ್ತು. ನಮಗೆ ಸಕ್ಕರೆ ಎಂದರೆ ಅಂಗಡಿಯಿಂದ ಪೊಟ್ಟಣದಲ್ಲಿ ಬರುವುದು, ಬೆಲ್ಲವೆಂದರೆ ಅಚ್ಚಿನಲ್ಲಿ ಬರುವುದು. ದ್ರಾಕ್ಷಿ ನಮ್ಮ ಬೆಳೆ. ರಾಗಿ ಬೆಳೆಯುವವನು ರಾಗಿಯನ್ನು ಸಿಹಿ ತಿಂಡಿ ಎನ್ನುತ್ತಾನೆಯೇ? ಡಾಕ್ಟರು ಮುಟ್ಟಬೇಡಿ ಎಂದದ್ದರಲ್ಲಿ ನಮ್ಮ ತೋಟವೂ ಸೇರಿದೆ ಎಂದು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹಣ್ಣಿರುವಷ್ಟು ದಿನ ಮಧ್ಯಾಹ್ನವಾದರೆ ಚೊಂಬು ತಪ್ಪದೆ ಬರುತ್ತಿತ್ತು. ದಾಹದವಳು, ಗಟಗಟ ಕುಡಿಯುತ್ತಿದ್ದೆ.

ಕೊಳವೆ ಮಾತ್ರ ಕೆಂಪು ಬಿಡಲಿಲ್ಲ. ಮಾತ್ರೆ ಹೆಚ್ಚಿಸಿದರು, ಆಗಲೂ ಕೆಂಪೇ. ಒಂದು ದಿನ ಡಾಕ್ಟರು ತಾಳ್ಮೆ ಕಳೆದುಕೊಂಡರು. "ಏನಮ್ಮ, ಕದ್ದು ತಿಂತಿದೀರಾ? ನಿಜ ಹೇಳಿ. ನನ್ನ ಹತ್ರ ಸುಳ್ಳು ಹೇಳಬಹುದು, ಈ ಕೊಳವೆ ಸುಳ್ಳು ಹೇಳಲ್ಲ."

ಬೆಂಚಿನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಹೆಬ್ಬಾಳದ ಅಜ್ಜಿ ಮಾತ್ರ ತಮ್ಮ ಚೀಲದಲ್ಲಿ ಏನೋ ಹುಡುಕುವವರ ಹಾಗೆ ತಲೆ ತಗ್ಗಿಸಿದರು. ನಮ್ಮ ಯಜಮಾನರು ಪಕ್ಕದಲ್ಲೇ ಇದ್ದರು. "ಇಲ್ಲ ಡಾಕ್ಟ್ರೇ, ದೇವರಾಣೆ ಇಲ್ಲ" ಎಂದೆ. ಧ್ವನಿ ನಡುಗಿತು. ನಡುಗಿದ್ದೇ ತಪ್ಪಾಯಿತು, ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಎಲ್ಲರಿಗೂ ಖಾತ್ರಿಯಾಯಿತು.

ಮನೆಗೆ ಬಂದು ಯಜಮಾನರು ಅತ್ತೆಗೆ, "ಅವ್ವ, ಬೆಲ್ಲದ ಡಬ್ಬ ಎತ್ತಿಡು" ಎಂದರು, ಅಷ್ಟೇ. ಮರುದಿನದಿಂದ ಬೆಲ್ಲ, ಸಕ್ಕರೆ ಎರಡೂ ಕೋಣೆಯೊಳಗೆ ಹೋದವು. ಕೋಣೆಗೆ ಬೀಗ ಬಿತ್ತು. ಬೀಗದ ಕೈ ಅತ್ತೆಯ ಸೊಂಟಕ್ಕೆ ಹೋಯಿತು. ನೆಂಟರು ಬಂದು ಕಾಫಿ ಮಾಡಬೇಕಾದರೆ ನಾನು ಅತ್ತೆಯನ್ನು ಕರೆಯಬೇಕಿತ್ತು. ಅವರು ಬಂದು ಬೀಗ ತೆಗೆದು, ಒಂದು ಚೂರು ಬೆಲ್ಲ ಮುರಿದುಕೊಟ್ಟು, ಮತ್ತೆ ಬೀಗ ಹಾಕುತ್ತಿದ್ದರು. ನೆಂಟರು ನೋಡಿಯೂ ನೋಡದವರ ಹಾಗೆ ಗೋಡೆ ಕಡೆ ತಿರುಗುತ್ತಿದ್ದರು. ಸಂಸಾರ ನಡೆಸುವ ಹೆಂಗಸಿಗೆ ಸ್ವಂತ ಮನೆಯಲ್ಲಿ ಇದಕ್ಕಿಂತ ಅವಮಾನ ಬೇಕೆ?

ಬೇಕಿತ್ತು, ಅದೂ ಆಯಿತು. ಒಂದು ಸಂಜೆ ನಾನು ಕೋಣೆಯ ಬಾಗಿಲ ಹತ್ತಿರ ಕಸ ಗುಡಿಸುತ್ತಿದ್ದೆ. ಯಜಮಾನರು ಬಂದರು. "ಕೈಯಾಗೇನದು?" ಎಂದರು.

"ಏನಿಲ್ಲ ರೀ."

"ತೋರ್ಸು."

ತೋರಿಸುವ ಮುಂಚೆಯೇ ನನ್ನ ಮುಷ್ಟಿಯನ್ನು ಅವರೇ ಬಿಡಿಸಿದರು. ಒಳಗಿದ್ದದ್ದು ಗುಡಿಸುವಾಗ ಸಿಕ್ಕ ತಲೆಪಿನ್ನು. ಅವರ ಮುಖ ಕಪ್ಪಿಟ್ಟಿತು. ತೋಟಕ್ಕೆ ಹೋದರು. ನಾನು ಆ ಪಿನ್ನನ್ನು ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ಕೂತಿದ್ದೆ. ನಾಚಿಕೆ ಎಂಥ ವಿಚಿತ್ರ ನೋಡಿ. ಏನೂ ಕದಿಯದ ನಾನು, ಕದ್ದು ಸಿಕ್ಕಿಬಿದ್ದವಳಂತೆ ಅಂದು ಅವರಿಗೆ ಊಟ ಬಡಿಸುವಾಗ ತಲೆ ಎತ್ತಲಿಲ್ಲ.

ಬೀಗ ಹಾಕಿದ ಮೇಲೆ ಅತ್ತೆಗೆ ಇನ್ನೂ ಕನಿಕರ ಹೆಚ್ಚಾಯಿತು. ನನಗೆ ಬೆಲ್ಲದ ಆಸೆ ತೀರಲಿ ಎಂದು ರಸದ ಚೊಂಬನ್ನು ದೊಡ್ಡದು ಮಾಡಿದರು. ಸಂಜೆಗೂ ಒಂದು ಲೋಟ ಎತ್ತಿಡತೊಡಗಿದರು.

ಆಮೇಲೆ ಫಸಲು ಮುಗಿಯಿತು. ಬಳ್ಳಿ ಸವರಿದೆವು. ಚಪ್ಪರದಲ್ಲಿ ಒಣ ಕಡ್ಡಿ ಬಿಟ್ಟು ಏನೂ ಇರಲಿಲ್ಲ. ಆ ದಿನಗಳಲ್ಲಿ ಕೊಳವೆ ಮೊದಲು ಹಳದಿಗೆ ಬಂತು, ಆಮೇಲೆ ಹಸಿರಿಗೆ. ಡಾಕ್ಟರು, "ನೋಡಿ, ಈಗ ದಾರಿಗೆ ಬಂದ್ರಿ" ಎಂದು ಶಹಭಾಸ್ ಹೇಳಿದರು. ಆ ಶಹಭಾಸ್ ನನಗೆ ಕೆನ್ನೆಗೆ ಹೊಡೆದ ಹಾಗಿತ್ತು, ಮೊದಲು ಕದ್ದಿದ್ದೆ ಎಂದು ರುಜುವಾತಾದ ಹಾಗಾಯಿತಲ್ಲ. ಯಜಮಾನರು, "ಬೀಗ ಆಕಿದ್ದು ಒಳ್ಳೇದೇ ಆಯ್ತು" ಎಂದರು.

ಮುಂದಿನ ಫಸಲು ಬಂತು. ಚೊಂಬು ಮತ್ತೆ ಬಂತು. ಕೊಳವೆ ಮತ್ತೆ ಇಟ್ಟಿಗೆಗೆ ತಿರುಗಿತು. ಬೀಗ ಹಾಕಿದ ಹಾಗೇ ಇತ್ತು, ಬೀಗದ ಕೈ ಅತ್ತೆಯ ಸೊಂಟ ಬಿಟ್ಟು ಕದಲಿರಲಿಲ್ಲ. ಮಂಕರಿ ತುಂಬುತ್ತಾ ಕೂತವಳಿಗೆ ಥಟ್ಟನೆ ಅನ್ನಿಸಿತು, ಬಳ್ಳಿ ಬೋಳಾದಾಗ ನಾನು ಕಳ್ಳಿಯಲ್ಲ, ಬಳ್ಳಿ ತುಂಬಿದಾಗ ಕಳ್ಳಿ! ಕೈಯಲ್ಲಿದ್ದ ಗೊಂಚಲು ಹಾಗೇ ನಿಂತಿತು.

ಅಂದಿನಿಂದ ಅತ್ತೆ ಕೊಟ್ಟ ರಸವನ್ನು ಅವರು ಆಚೆ ಹೋದ ಮೇಲೆ ದಾಸವಾಳದ ಬುಡಕ್ಕೆ ಸುರಿದೆ. ಕೆಲವು ದಿನ ಕಳೆದು ಹೋಗಿ ನೋಡಿದರೆ ದಾಸವಾಳದ ಬುಡದ ತುಂಬಾ ಇರುವೆ. ಬಚ್ಚಲ ಹಿಂದೆ ಮುತ್ತುತ್ತಿದ್ದವಲ್ಲ, ಅಂಥವೇ. ನನಗೆ ಇನ್ನು ಯಾವ ಡಾಕ್ಟರೂ ಬೇಕಿರಲಿಲ್ಲ. ಆದರೂ ಮುಂದಿನ ಸಲ ಹೋದಾಗ, ಯಜಮಾನರು ಬೀಡಿ ತರಲು ಹೊರಗೆ ಹೋದ ಹೊತ್ತಿನಲ್ಲಿ ಕೇಳಿಯೇಬಿಟ್ಟೆ.

"ಡಾಕ್ಟ್ರೇ, ದ್ರಾಕ್ಷಿ ರಸ ಕುಡೀಬೌದಾ?"

ಅವರು ಪೆನ್ನು ಕೆಳಗಿಟ್ಟರು. "ಎಷ್ಟು?"

"ದಿನಾ ಒಂದು ಚೊಂಬು. ಸಂಜೆಗೂ ಒಂದು ಲೋಟ."

"ಅಯ್ಯೋ ತಾಯಿ! ಅದರಲ್ಲಿರೋದೆಲ್ಲ ಸಕ್ಕರೆನೇ ಕಣಮ್ಮ."

"ಉಳಿ ಇರ್ತದಲ್ಲ?"

"ಹುಳಿ ಇದ್ರೆ ಸಕ್ಕರೆ ಇರಲ್ಲ ಅಂತೇನಿಲ್ಲ. ಒಂದೆರಡು ಹಣ್ಣು ತಿನ್ನೋದು ಬೇರೆ, ಚೊಂಬುಗಟ್ಟಲೆ ಹಿಂಡಿ ಕುಡಿಯೋದು ಬೇರೆ." ಅವರ ದೊಡ್ಡ ಗಂಟಲು ಅವತ್ತು ಮೊದಲ ಸಲ ಸಣ್ಣದಾಯಿತು. "ನಾನೂ ಕೇಳಿರ್ಲಿಲ್ಲ ನೋಡಿ. ತಪ್ಪಾಯ್ತು. ಯಾರು ಮಾಡ್ಕೊಡ್ತಿದ್ರು?"

ಅತ್ತೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ನೆನಪಾಯಿತು, ನಿಮ್ಮ ಮಾವನಿಗೂ ಹೀಗೇ ಮುತ್ತಿಕೊಳ್ಳುತ್ತಿದ್ದವು ಎಂದಿದ್ದರಲ್ಲ, ಆ ಮಾತು. ಮಾವ ಮಲಗಿದ್ದಾಗ ಅನ್ನ ಇಳಿಯುವುದಿಲ್ಲವೆಂದು ಅತ್ತೆ ಕಡೆಯವರೆಗೂ ಕೊಟ್ಟದ್ದು ಇದೇ ರಸವನ್ನು, ಇದೇ ಚೊಂಬಿನಲ್ಲಿ. ನಾನೇ ಎಷ್ಟೋ ಸಲ ಹಣ್ಣು ಆರಿಸಿಕೊಟ್ಟಿದ್ದೆ. ನನ್ನ ಮೇಲಿನ ಕಳಂಕ ಹೋಗಬೇಕಾದರೆ ಆ ಮುದುಕಿಯ ತಲೆಯ ಮೇಲೆ ಗಂಡನ ಸಾವನ್ನು ಹೊರಿಸಬೇಕಿತ್ತು.

"ನಾನೇ ಮಾಡ್ಕೊಳ್ತಿದ್ದೆ" ಎಂದೆ. "ನಮ್ಮೆಜಮಾನ್ರಿಗೆ ಹೇಳ್ಬೇಡಿ ಡಾಕ್ಟ್ರೇ."

ಅವರು ತಲೆಯಾಡಿಸಿದರು.

ಮನೆಗೆ ಬಂದು ಅತ್ತೆಗೆ, ಕಾಯಿಲೆ ಹತೋಟಿಗೆ ಬರಲೆಂದು ಊರಮ್ಮನಿಗೆ ಹರಕೆ ಹೊತ್ತು ದ್ರಾಕ್ಷಿ ಬಿಟ್ಟಿದ್ದೇನೆ ಎಂದೆ. ನಮ್ಮಲ್ಲಿ ಇಷ್ಟದ ಹಣ್ಣನ್ನು ದೇವರ ಹೆಸರಿನಲ್ಲಿ ಬಿಡುವುದುಂಟು, ಹಾಗೆ ಬಿಟ್ಟವರನ್ನು ಯಾರೂ ಬಲವಂತ ಮಾಡುವುದಿಲ್ಲ. ಅತ್ತೆ ಕೈ ಮುಗಿದು, ಚೊಂಬನ್ನು ತೊಳೆದು ಬೋರಲು ಹಾಕಿದರು. ಫಸಲಿನ ಮಧ್ಯದಲ್ಲೇ ಕೊಳವೆ ಹಸಿರಾಯಿತು, ಒಂದೊಂದು ಸಲ ನೀಲಿಯೂ ಆಯಿತು. ಕೀರ್ತಿಯಲ್ಲಿ ಅರ್ಧ ಊರಮ್ಮನಿಗೆ, ಅರ್ಧ ಬೀಗಕ್ಕೆ ಹೋಯಿತು. ನನಗೆ ಕೋಪ ಬರುತ್ತಿರಲಿಲ್ಲ ಎಂದರೆ ಸುಳ್ಳು. ಬೆಲ್ಲಕ್ಕಾಗಿ ಅತ್ತೆಯನ್ನು ಕೂಗುವಾಗಲೆಲ್ಲ ಹೇಳಿಬಿಡೋಣ ಎನ್ನಿಸುತ್ತಿತ್ತು. ಅವರು ಬಂದು, ಬಗ್ಗಿ, ಕಣ್ಣು ಕಿರಿದು ಮಾಡಿ ಬೀಗದ ತೂತು ಹುಡುಕುವುದನ್ನು ನೋಡಿದರೆ ಬಾಯಿ ಕಟ್ಟುತ್ತಿತ್ತು.

ಹೀಗೇ ನಡೆದುಹೋಗುತ್ತಿತ್ತೋ ಏನೋ. ಒಂದು ಸಲ ಯಜಮಾನರು ಹಣ್ಣಿನ ಲಾರಿಯ ಜೊತೆ ಸಿಟಿ ಮಾರ್ಕೆಟ್ಟಿಗೆ ಹೋಗಬೇಕಾಗಿ ಬಂದು, ಡಾಕ್ಟರ ಹತ್ತಿರ ನನ್ನ ಜೊತೆಗೆ ಅತ್ತೆ ಬಂದರು. ಅವತ್ತು ಕೊಳವೆ ನೀಲಿಯೇ ಉಳಿಯಿತು, ಮಳೆ ನಿಂತ ಮೇಲಿನ ಆಕಾಶದ ಹಾಗೆ. ಡಾಕ್ಟರಿಗೆ ಸಂತೋಷ ತಡೆಯಲಿಲ್ಲ. ಯಜಮಾನರಿಗೆ ಹೇಳಬೇಡಿ ಎಂದಿದ್ದೆನೇ ಹೊರತು ಅತ್ತೆಗೆ ಹೇಳಬೇಡಿ ಎಂದಿರಲಿಲ್ಲವಲ್ಲ.

"ನೋಡ್ರಮ್ಮ ನಿಮ್ಮ ಸೊಸೇನ" ಎಂದರು. "ಆ ದ್ರಾಕ್ಷಿ ರಸ ಬಿಟ್ಟಿದ್ದೇ ತಡ, ಹೆಂಗಾಗಿದೆ! ಚೊಂಬುಗಟ್ಟಲೆ ಕುಡೀತಿದ್ರಂತೆ. ಪಾಪ, ಬೆಲ್ಲ ಕದ್ದು ತಿಂತಾರೆ ಅಂತ ನಾನು ಸುಮ್ನೆ ಬೈದುಬಿಟ್ಟಿದ್ದೆ."

ನಾನು ಅತ್ತೆಯ ಸೆರಗು ಹಿಡಿದು ಎಳೆದೆ, ಹೊರಡೋಣ ಎಂದು. ಅವರು ಏಳಲಿಲ್ಲ. ಸ್ವಲ್ಪ ಹೊತ್ತು ಆ ನೀಲಿ ಕೊಳವೆಯನ್ನು ನೋಡಿದರು. ಆಮೇಲೆ ಕೇಳಿದರು, "ಸ್ವಾಮಿ, ಈ ಕಾಯ್ಲೆ ಇದ್ದೋರ್ಗೆ ಕಾಲಲ್ಲಿ ಉಣ್ಣಾದ್ರೆ ಮಾಯಲ್ವಾ?"

"ಸಕ್ಕರೆ ಏರಿದ್ರೆ ಮಾಯೋದು ಕಷ್ಟ ಕಣಮ್ಮ. ಯಾಕೆ, ಇವರ ಕಾಲಲ್ಲಿ ಏನಾದ್ರೂ ಆಗಿದೆಯಾ?"

"ಇಲ್ಲ ಸ್ವಾಮಿ. ಸುಮ್ಕೆ ಕೇಳ್ದೆ."

ಬಸ್ಸಿನಲ್ಲಿ ನಾನು ಏನೇನೋ ಹೇಳಿದೆ, ಮಾವನದು ಬೇರೆ ಕಾಯಿಲೆ ಇರಬಹುದು, ಆಗ ಇಂಥ ಮಾತ್ರೆಯೇ ಇರಲಿಲ್ಲ, ರಸ ಒಂದರಿಂದಲೇ ಯಾರೂ ಸಾಯುವುದಿಲ್ಲ ಎಂದು. ಅವರು ಕಿಟಕಿಯಾಚೆ ನೋಡುತ್ತಲೇ ಇದ್ದರು. ಮನೆಗೆ ಬಂದವರು ಒಳಗೂ ಹೋಗಲಿಲ್ಲ. ಕೊಟ್ಟಿಗೆಯಿಂದ ಮಚ್ಚು ತಂದು, ಚಪ್ಪರದ ಬಳ್ಳಿಯ ಬುಡಕ್ಕೆ ಕೂತು ಕಡಿಯತೊಡಗಿದರು. ಮಾವ ನೆಟ್ಟ ಬಳ್ಳಿ, ತೊಡೆ ಗಾತ್ರ ಬೆಳೆದಿತ್ತು. ನಾನು ಕೈ ಹಿಡಿಯಲು ಹೋದರೆ, "ದೂರ ನಿಂತ್ಕೊ" ಎಂದರು. ಗೊಂಚಲುಗಳು ತೂಗುತ್ತಿದ್ದ ಹಾಗೆಯೇ ಬಳ್ಳಿ ಬೇರಿನಿಂದ ಬೇರೆಯಾಯಿತು.

ಸಂಜೆ ಯಜಮಾನರು ಬಂದು ಬಾಡಿದ ಎಲೆ ನೋಡಿ ಬೆಪ್ಪಾದರು. "ಏನವ್ವ ಇದು?"

"ಇರುವೆ ಅತ್ತಿದ್ವು ಕಣಪ್ಪ" ಎಂದರು ಅತ್ತೆ. ಆಮೇಲೆ ಸೊಂಟದಿಂದ ಬೀಗದ ಕೈ ಬಿಚ್ಚಿ ಮಗನ ಎದುರಿಗೇ ನನ್ನ ಕೈಗೆ ಇಟ್ಟರು. "ಜಯ ಬೆಲ್ಲ ಕದ್ದಿರ್ಲಿಲ್ಲ. ನಾನೇ ಕುಡಿಸ್ತಿದ್ದೆ ಅವ್ಳಿಗೆ. ನಿಮ್ಮಪ್ಪಂಗೂ ನಾನೇ ಕುಡಿಸಿದ್ದು."

ಯಜಮಾನರು ಜಗುಲಿಯ ಮೇಲೆ ಕೂತುಬಿಟ್ಟರು. ನನ್ನ ಕಡೆ ನೋಡಲು ಹೋಗಿ ಅವರಿಂದಾಗಲಿಲ್ಲ. ಹೆಸರು ಹೋದರೆ ನನಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಆ ಬೀಗದ ಕೈ ಹಿಡಿದು ನಿಂತಾಗ, ಇದಕ್ಕಿಂತ ಕಳ್ಳಿಯಾಗಿಯೇ ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಅತ್ತೆ ಈಗಿಲ್ಲ. ಕಾಯಿಲೆ ನನ್ನ ಜೊತೆಗಿದೆ, ಹಳೆಯ ಬಾಡಿಗೆದಾರನ ಹಾಗೆ, ಜಗಳವಿಲ್ಲದೆ. ಮದುವೆಮನೆಗಳಲ್ಲಿ ಪಾನಕ, ಷರಬತ್ತು, ಹಣ್ಣಿನ ರಸದ ಲೋಟ ಎದುರಿಗೆ ಬಂದಾಗ ಈಗ ಗಟ್ಟಿಯಾಗಿಯೇ ಹೇಳುತ್ತೇನೆ, ನನಗೆ ಸಕ್ಕರೆ ಕಾಯಿಲೆ, ನೀರು ಕೊಡಿ ಎಂದು. ಮಾತ್ರೆ ಹೆಚ್ಚಾಗಿ ಕೈ ನಡುಗಿ ಬೆವರು ಬಂದರೆ ಬಾಯಿಗೆ ಹಾಕಿಕೊಳ್ಳಲು ಸೆರಗಿನ ತುದಿಯಲ್ಲಿ ಒಂದು ಚೂರು ಬೆಲ್ಲ ಕಟ್ಟಿಕೊಂಡಿರುತ್ತೇನೆ, ಡಾಕ್ಟರೇ ಹೇಳಿದ್ದು. ಕಳ್ಳಿಯ ಸೆರಗಿನಲ್ಲೇ ಬೆಲ್ಲ! ನಾಚಿಕೆ ಪೂರ್ತಿ ಹೋಗಿಲ್ಲ. ಹೋಗುವುದೂ ಇಲ್ಲವೇನೋ.

ಬಳ್ಳಿ ಕಡಿದ ಮಾರನೆಯ ದಿನ ಮಧ್ಯಾಹ್ನ ನಾನು ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಅದೇ ಹೊತ್ತಿಗೆ ಅತ್ತೆ ಬಂದರು. ಕೈಯಲ್ಲಿ ಅದೇ ಹಿತ್ತಾಳೆ ಚೊಂಬು, ಮೇಲೆ ತಟ್ಟೆ ಮುಚ್ಚಿತ್ತು. ನಾನು ಮೊರ ಕೆಳಗಿಟ್ಟೆ. ಅವರು ತಟ್ಟೆ ತೆಗೆದು, ಚೊಂಬನ್ನು ನನ್ನ ಮುಖದ ಹತ್ತಿರ ಓರೆ ಮಾಡಿ ಹಿಡಿದರು.

"ಬರೀ ನೀರು ಕಣೆ" ಎಂದರು. "ನೋಡ್ಕೊಂಡು ಕುಡಿ."

ನಾನು ಚೊಂಬು ಇಸಿದುಕೊಂಡೆ. ಒಳಗೆ ನೋಡಲಿಲ್ಲ. ಅವರ ಮುಖವನ್ನೇ ನೋಡುತ್ತಾ ಪೂರ್ತಿ ಕುಡಿದೆ.